ಕೊನೆಕೊಯ್ಲಿಗೆ ಮೊದಲು ಹೂಕೊಯ್ಲು

ದೊಡ್ಡಹಬ್ಬ ಮುಗಿದು, ಬಲೀಂದ್ರನನ್ನು ಕಳಿಸಿ, ದನಗಳ ಕೊರಳಿನ ಚೆಂಡುಹೂವಿನ ಮಾಲೆ ಕೊಟ್ಟಿಗೆಯ ಗೂಟದಲ್ಲಿ ಬಾಡುತ್ತಿರುವಾಗಲೇ ನಮ್ಮ ಸಾಗರ, ಸಿರಸಿ, ಸಿದ್ದಾಪುರದ ಕಡೆಯ ಮನೆಗಳಲ್ಲಿ ಒಂದೇ ವಿಚಾರಣೆ: ‘ಕೊನೆಗೌಡ ಯಾವತ್ತು ಬರ್ತಾನಂತೆ?’ ಅಡಿಕೆಯ ಕೊನೆಕೊಯ್ಲಿಗೆ ಅಂಗಳ ಬೇಕು. ಮಳೆಗಾಲದ ಪಾಚಿ ಕೆತ್ತಬೇಕು, ಚಪ್ಪರದ ಕಂಬ ಊರಬೇಕು, ಸಗಣಿ ಸಾರಿಸಬೇಕು. ನಾಲ್ಕು ತಿಂಗಳು ಅಂಗಳದ ಅಂಚಿಗೆ ಸಾಲಾಗಿ ನಿಂತು, ಬಂದವರನ್ನೆಲ್ಲ ತಡೆದು ನಿಲ್ಲಿಸುತ್ತಿದ್ದ ಡೇರೆ ಗಿಡಗಳು ಆಗ ಒಮ್ಮೆಲೇ ಕಾಲಿಗೆ ಅಡ್ಡ ಬರುವ ಸಾಮಾನಾಗಿಬಿಡುತ್ತವೆ. ಯಾರೋ ಕುಂಡಗಳನ್ನು ಬಚ್ಚಲುಮನೆಯ ಹಿಂದಕ್ಕೆ ಹೊರುತ್ತಾರೆ. ಹೊರುವಾಗ ನಾಲ್ಕು ಟೊಂಗೆ ಮುರಿಯುತ್ತವೆ. ಆ ಟೊಂಗೆಗಳ ತುದಿಯಲ್ಲಿ ವರ್ಷದ ಕೊನೆಯ ಹೂಗಳಿರುತ್ತವೆ.

ಪೇಟೆಯವರು ಡೇಲಿಯಾ ಎನ್ನುವುದನ್ನೇ ಮಲೆನಾಡು ಡೇರೆ ಎನ್ನುತ್ತದೆ. ಹೆಸರಿಗೆ ತಕ್ಕ ಹಾಗೆ ಅದು ಮಳೆಗೆ ಡೇರೆ ಹಾಕಿ ಕಾರ್ತಿಕದಲ್ಲಿ ಕಿತ್ತುಕೊಂಡು ಹೊರಡುತ್ತದೆ. ಜತೆಗೆ ಜೀನಿಯಾ, ಕಾಸ್ಮಾಸ್, ಆಸ್ಟರ್, ಚೆಂಡುಹೂವು ಕೂಡ ಗಂಟುಮೂಟೆ ಕಟ್ಟುತ್ತವೆ. ಹೊರಡುವ ಮುನ್ನ ಈ ಹೂಗಳನ್ನು ಮನೆಯೊಳಗೆ ಕರೆದು ಕೂರಿಸುವುದು ಹೇಗೆಂದು, ಹಲವು ವರ್ಷ ತಪ್ಪು ಮಾಡಿ ಕಲಿತದ್ದನ್ನು ಕೆಳಗೆ ಬರೆದಿದ್ದೇನೆ.

1. ‘ಗಿಡದಲ್ಲೇ ಚಂದ’ ಎನ್ನುವ ಮಾತನ್ನು ಕಾರ್ತಿಕದಲ್ಲಿ ಬಿಟ್ಟುಬಿಡಿ.

ಶ್ರಾವಣದಲ್ಲಿ ಆ ಮಾತು ಸರಿ. ಒಂದು ಹೂವಿನ ಹಿಂದೆ ಮೂರು ಮೊಗ್ಗು ಕಾದಿರುತ್ತವೆ, ಗಿಡ ತುಂಬಿ ನಿಂತಿರುತ್ತದೆ, ನೋಡುವವರೂ ಬರುತ್ತಾರೆ. ಕಾರ್ತಿಕದಲ್ಲಿ ಲೆಕ್ಕ ಬೇರೆ. ರಾತ್ರಿಯ ಇಬ್ಬನಿ ದಳಗಳ ಸಂದಿಯಲ್ಲಿ ನಿಲ್ಲುತ್ತದೆ, ಹತ್ತು ಗಂಟೆಯ ಹೊತ್ತಿಗೆ ಮೋಡವಿಲ್ಲದ ಬಿಸಿಲು ನೇರ ಬೀಳುತ್ತದೆ. ಮೂರನೇ ದಿನಕ್ಕೆ ದಳಗಳ ಅಂಚು ಚಹಾದ ಬಣ್ಣಕ್ಕೆ ತಿರುಗುತ್ತದೆ. ಅದೇ ಹೂವು ಜಗಲಿಯ ನೆರಳಿನಲ್ಲಿ, ನೀರಿನಲ್ಲಿ, ನಾಲ್ಕೈದು ದಿನ ಹಾಯಾಗಿ ಇರುತ್ತದೆ. ನಮ್ಮತ್ತೆ ಇದನ್ನು ಇನ್ನೂ ಚಿಕ್ಕದಾಗಿ ಹೇಳುತ್ತಿದ್ದರು: ‘ಕೊಯ್ದ ಹೂವು ನಮಗೆ, ಬಿಟ್ಟ ಹೂವು ಮಂಗಕ್ಕೆ. ನೋಡೇ, ನಿಂಗೆ ಯಾರ ಮೇಲೆ ಪ್ರೀತಿ?’ ಮಂಗಗಳ ಮೇಲೆ ನನಗಿರುವ ಸಿಟ್ಟನ್ನು ಬರೆಯಲು ಇಲ್ಲಿ ಜಾಗ ಸಾಲದು.

2. ತೊಟ್ಟು ಸಮೇತ ಕೊಯ್ಯಿರಿ.

ನಮ್ಮ ಕೈಗೆ ಇದು ಬರುವುದೇ ಇಲ್ಲ. ನಾವು ಹೂ ಕೊಯ್ಯುವುದು ಎರಡಕ್ಕೆ, ದೇವರ ತಲೆಗೆ ಮತ್ತು ನಮ್ಮ ತಲೆಗೆ. ಎರಡಕ್ಕೂ ದಂಟು ಬೇಡ. ಹಾಗಾಗಿ ಬೆರಳು ತಾನಾಗಿ ಹೂವಿನ ಕುತ್ತಿಗೆಗೇ ಹೋಗಿ, ಉಗುರಿನಿಂದ ಚಿವುಟಿ, ಹೂಬುಟ್ಟಿಗೆ ಹಾಕುತ್ತದೆ. ಹೂದಾನಿಗೆ ಬೇಕಾದದ್ದು ಹೂವಿನಷ್ಟೇ ಅದರ ದಂಟು. ಡೇರೆಯನ್ನು ಹೂವಿನಿಂದ ಒಂದು ಮೊಳದಷ್ಟು ಕೆಳಗೆ, ಎಲೆಯ ಗಿಣ್ಣಿನ ಸ್ವಲ್ಪ ಮೇಲೆ, ಓರೆಯಾಗಿ ಕತ್ತರಿಸಿ. ಕತ್ತಿಯೋ ಕತ್ತರಿಯೋ ಯಾವುದಾದರೂ ಸರಿ, ಹರಿತವಾಗಿರಬೇಕು, ತೊಳೆದಿರಬೇಕು. ಮೊಂಡು ಕತ್ತರಿಗೆ ಸಿಕ್ಕಿದ ಡೇರೆಯ ಟೊಳ್ಳು ದಂಟು ಜಜ್ಜಿಹೋಗುತ್ತದೆ, ಜಜ್ಜಿದ ದಂಟು ನೀರು ಎಳೆಯುವುದಿಲ್ಲ.

ಮೊದಲ ಸಲ ಮೊಳದುದ್ದ ಕತ್ತರಿಸುವಾಗ ಜೀವ ಝಲ್ಲೆನ್ನುತ್ತದೆ, ಏಕೆಂದರೆ ಜತೆಯಲ್ಲಿ ಎರಡು ಎಳೆ ಮೊಗ್ಗೂ ಹೋಗುತ್ತವೆ. ಹೋಗಲಿ. ಕಾರ್ತಿಕದ ಎಳೆ ಮೊಗ್ಗುಗಳಲ್ಲಿ ಹೆಚ್ಚಿನವು ಹೇಗೂ ಅರಳುವುದಿಲ್ಲ.

3. ಮುಖ ನೋಡಿ ಮಣೆ ಹಾಕಬೇಡಿ, ಬೆನ್ನು ನೋಡಿ.

ಡೇರೆ ಹೂವಿನ ವಯಸ್ಸು ತಿಳಿಯುವುದು ಹಿಂಬದಿಯಲ್ಲಿ. ಹೂವನ್ನು ತಿರುಗಿಸಿ, ತೊಟ್ಟಿನ ಹತ್ತಿರದ ದಳಗಳನ್ನು ಎರಡು ಬೆರಳಲ್ಲಿ ಮುಟ್ಟಿ ನೋಡಿ. ಗಟ್ಟಿಯಾಗಿ, ತಣ್ಣಗೆ ಹತ್ತಿದರೆ ಕೊಯ್ಯಬಹುದು. ಈರುಳ್ಳಿಯ ಮೇಲುಸಿಪ್ಪೆಯ ಹಾಗೆ ತೆಳ್ಳಗೆ ಮೆತ್ತಗಾಗಿದ್ದರೆ ಅದರ ಕಾಲ ಮುಗಿದಿದೆ. ಎದುರಿನಿಂದ ಎಷ್ಟೇ ಠೀವಿಯಿಂದ ಇದ್ದರೂ ನಾಳೆ ಬೆಳಿಗ್ಗೆ ಮೇಜಿನ ಮೇಲೆ ದಳ ಉದುರಿಸಿ ಕೂತಿರುತ್ತದೆ. ಹಾಗೆಂದು ಮೊಗ್ಗನ್ನೂ ಕೊಯ್ಯಬೇಡಿ. ಡೇರೆ ಕೊಯ್ದ ಮೇಲೆ ಅರಳುವ ಜಾತಿಯಲ್ಲ, ಮೊಗ್ಗಾಗಿ ಬಂದದ್ದು ಮೊಗ್ಗಾಗಿಯೇ ಬಾಡುತ್ತದೆ. ಮುಕ್ಕಾಲು ಭಾಗ ಅರಳಿರಬೇಕು, ನಡುವಿನ ದಳಗಳು ಮಾತ್ರ ಇನ್ನೂ ಮುಷ್ಟಿ ಬಿಗಿದಿರಬೇಕು.

ಜೀನಿಯಾದ ಪರೀಕ್ಷೆ ಇನ್ನೂ ಸುಲಭ. ಹೂವಿನಿಂದ ಒಂದು ಗೇಣು ಕೆಳಗೆ ದಂಟನ್ನು ಹಿಡಿದು ಮೆಲ್ಲಗೆ ಅಲುಗಿಸಿ. ತಲೆ ನೆಟ್ಟಗೆ ನಿಂತರೆ ಕೊಯ್ಯಿರಿ. ಗೊಂಬೆಯ ಕುತ್ತಿಗೆಯ ಹಾಗೆ ಓಲಾಡಿದರೆ ಎರಡು ದಿನ ಬಿಡಿ, ಈಗಲೇ ಕೊಯ್ದರೆ ಸಂಜೆಗೇ ತಲೆ ಬಾಗುತ್ತದೆ. ಚೆಂಡುಹೂವು, ಸೇವಂತಿಗೆ, ಆಸ್ಟರ್ ಪೂರ್ತಿ ಅರಳಿದ ಮೇಲೆಯೇ ಬರಲಿ. ಗ್ಲಾಡಿಯೋಲಸ್ ಮತ್ತು ಸುಗಂಧರಾಜ ಇದಕ್ಕೆ ತದ್ವಿರುದ್ಧ: ಕಡ್ಡಿಯ ಬುಡದ ಒಂದೆರಡು ಹೂ ಬಾಯಿಬಿಟ್ಟಾಗ ಕೊಯ್ದರೆ ಉಳಿದವು ಮನೆಯಲ್ಲೇ ಒಂದೊಂದಾಗಿ ಮೇಲಕ್ಕೆ ಅರಳುತ್ತ ಹೋಗುತ್ತವೆ. ಬಾಡಿದ ಕೆಳಗಿನ ಹೂವನ್ನು ದಿನಾ ಚಿವುಟುತ್ತಿರಬೇಕು. ಸುಗಂಧರಾಜದ ಗೆಡ್ಡೆ ಕೊಳ್ಳುವವರಿಗೆ ಒಂದು ಮಾತು. ಹೆಸರಘಟ್ಟದ ಭಾರತೀಯ ತೋಟಗಾರಿಕಾ ಸಂಶೋಧನಾ ಸಂಸ್ಥೆಯ ತಳಿಗಳಲ್ಲಿ ‘ಶೃಂಗಾರ್’, ‘ಪ್ರಜ್ವಲ್’ ಒಂಟಿ ಸುತ್ತಿನ ದಳದವು, ಬಿಡಿಹೂವಿಗೆ ಹೆಸರಾದವು. ಹೂದಾನಿಗೇ ಬೇಕೆಂದರೆ ಸುತ್ತುದಳದ ‘ಸುವಾಸಿನಿ’ ನೋಡಿ.

4. ಬೆಳಿಗ್ಗೆಯೇ ಕೊಯ್ಯಿರಿ, ನೀರಿನ ಬಾಲ್ದಿ ಜತೆಗೇ ಇರಲಿ.

ರಾತ್ರಿಯೆಲ್ಲ ನೀರು ಕುಡಿದ ಗಿಡದ ದಂಟು ಬೆಳಗಿನ ಏಳು ಗಂಟೆಗೆ ಬಿರುಸಾಗಿರುತ್ತದೆ, ಮಧ್ಯಾಹ್ನಕ್ಕೆ ಜೋತಿರುತ್ತದೆ. ಬೆಳಿಗ್ಗೆ ಬಿಡುವಿಲ್ಲ ಎನ್ನುವವರು ಬಿಸಿಲಿಳಿದ ಮೇಲೆ ಕೊಯ್ಯಬಹುದು. ಕೈಯಲ್ಲಿ ಹೊರೆಯಾಗಿ ಹಿಡಿದುಕೊಂಡು ದಣಪೆಯ ಬಳಿ ಪಕ್ಕದ ಮನೆಯವರೊಡನೆ ಅರ್ಧ ಗಂಟೆ ಮಾತಾಡುತ್ತ ನಿಲ್ಲುವುದು ಮಾತ್ರ ಕೂಡದು. ಮಾತಾಡಿ, ಹೂವನ್ನು ಬಾಲ್ದಿಯಲ್ಲಿಟ್ಟು ಮಾತಾಡಿ.

5. ತಲೆಕೆಳಗು ಮಾಡಿ, ಅತಿಥಿಗಳನ್ನು ಇಳಿಸಿ.

ದೊಡ್ಡ ಡೇರೆಯೆಂದರೆ ಹುಳುಗಳ ಪಾಲಿಗೆ ಉಪ್ಪರಿಗೆ ಮನೆ. ಒಳಗೆ ಇರುವೆ, ಹಸಿರು ಜೇಡ, ಹೆಸರು ಗೊತ್ತಿಲ್ಲದ ಕಪ್ಪು ಕೀಟ, ಒಮ್ಮೊಮ್ಮೆ ಅಕ್ಕಿಕಾಳಿನಷ್ಟು ಚಿಕ್ಕ ಬಸವನಹುಳು. ಹಳೆಯ ಪೇಪರ್ ಹಾಸಿ ಹೂವನ್ನು ಬೋರಲಾಗಿ ಹಿಡಿದು ಮೂರು ಸಲ ಕೊಡವಿ, ಐದು ನಿಮಿಷ ಹಾಗೆಯೇ ಮಲಗಿಸಿ. ದಳಗಳ ನಡುವೆ ಕೂತ ಇಬ್ಬನಿಯೂ ಇಳಿಯುತ್ತದೆ. ಆ ನೀರು ಒಳಗೇ ಉಳಿದರೆ ಹೂವು ನಡುವಿನಿಂದ ಕೊಳೆಯಲು ತೊಡಗುತ್ತದೆ.

ಇದನ್ನು ಮಾಡದೆ ಒಮ್ಮೆ ನೇರ ಊಟದ ಮೇಜಿಗೆ ತಂದಿಟ್ಟಿದ್ದೆ. ಊರಿಂದ ಬಂದಿದ್ದ ಭಾವನವರು ಮಜ್ಜಿಗೆಹುಳಿ ಕಲಸುತ್ತಿದ್ದರು. ಬಾಳೆಲೆಯ ಮೇಲೆ ಏನೋ ನಡೆದುಹೋಯಿತು. ‘ಇದು ಒಗ್ಗರಣೆಯ ಸಾಸಿವೆಯೇನೇ?’ ಎಂದು ಕೇಳಿದರು. ಸಾಸಿವೆಗೆ ಕಾಲಿರುವುದಿಲ್ಲ ಎಂದು ಅವರಿಗೂ ಗೊತ್ತಿತ್ತು.

6. ಬಚ್ಚಲ ಹಂಡೆಯ ನೀರು ಕುಡಿಸಿ.

ಎಲ್ಲಕ್ಕಿಂತ ಮೇಲಾದ ಸೂತ್ರ ಇದು, ನಂಬುವವರೂ ಕಡಿಮೆ. ಕೊಯ್ದ ಡೇರೆಯ ದಂಟನ್ನು ಬಿಸಿನೀರಿನಲ್ಲಿ ನಿಲ್ಲಿಸಬೇಕು. ಉಗುರುಬೆಚ್ಚಗಿನದಲ್ಲ, ಕೈಯಿಟ್ಟರೆ ಚುರ್ರೆಂದು ಎಳೆದುಕೊಳ್ಳುವಷ್ಟು ಬಿಸಿ. ಥರ್ಮಾಮೀಟರ್ ಇಟ್ಟು ನೋಡುವವರಿಗೆ 70ರಿಂದ 80 ಡಿಗ್ರಿ ಸೆಲ್ಸಿಯಸ್. ಕುದಿಯುವ ನೀರು ಬೇಡ. ಬೆಳಿಗ್ಗೆ ಬಚ್ಚಲ ಒಲೆಗೆ ಸೋಗೆ, ಹಾಳೆ, ಕುಂಟೆ ತುರುಕಿ ಕಾಯಿಸಿದ ಹಂಡೆಯಿಂದ ಒಂದು ಚೊಂಬು ತೆಗೆದರೆ ಕೆಲಸ ಆಯಿತು.

ಬಾಲ್ದಿಯ ತಳದಲ್ಲಿ ಎರಡು ಮೂರು ಇಂಚಿನಷ್ಟು ಆ ನೀರು ಹಾಕಿ. ದಂಟಿನ ತುದಿಯನ್ನು ಆಗಷ್ಟೇ ಮತ್ತೊಮ್ಮೆ ಓರೆಯಾಗಿ ಕತ್ತರಿಸಿ ಇಳಿಬಿಡಿ. ಹೂವಿಗೆ ಹಬೆ ತಾಗದ ಹಾಗೆ ಗೊಂಚಲನ್ನು ಬಾಲ್ದಿಯ ಅಂಚಿಗೆ ಓರೆಯಾಗಿ ಆನಿಸಿ. ನೀರು ತಾನಾಗಿ ತಣಿಯುವವರೆಗೆ, ಕಡಿಮೆಯೆಂದರೆ ಒಂದು ತಾಸು, ನೆರಳಿನಲ್ಲಿ ಬಿಡಿ. ತುದಿಯ ಬಣ್ಣ ಸ್ವಲ್ಪ ಮಾಸುತ್ತದೆ, ಗಾಬರಿ ಬೇಡ. ಆಮೇಲೆ ತಣ್ಣೀರಿನ ಹೂದಾನಿಗೆ ಸಾಗಿಸಿ. ಒಂದು ವರ್ಷ ಒಂದೇ ಗಿಡದ ಎರಡು ಹೂವನ್ನು ಪಕ್ಕಪಕ್ಕದಲ್ಲಿಟ್ಟು ಪಂದ್ಯ ಹೂಡಿದ್ದೆವು, ಒಂದಕ್ಕೆ ಹಂಡೆ ನೀರು, ಇನ್ನೊಂದಕ್ಕೆ ಬಾವಿ ನೀರು. ಬಾವಿ ನೀರಿನದು ಮೂರನೇ ದಿನ ತಲೆ ಬಾಗಿಸಿತು, ಹಂಡೆ ನೀರಿನದು ಐದನೇ ದಿನ ಸಂಜೆಯವರೆಗೆ ನಿಂತಿತ್ತು. ಎರಡು ಹೂವಿನಿಂದ ಸಿದ್ಧಾಂತ ಕಟ್ಟಲಾಗದು ಎಂದು ಮನೆಯ ವಿಜ್ಞಾನದ ವಿದ್ಯಾರ್ಥಿ ತಕರಾರು ತೆಗೆದ. ನಿಜವೇ. ಆದರೆ ಆ ಪಂದ್ಯದಿಂದೀಚೆಗೆ ಹಂಡೆಯಿಂದ ಮೊದಲ ಚೊಂಬು ಹೂವಿಗೆ ಹೋಗುತ್ತದೆ, ಸ್ನಾನದವರು ಕಾಯುತ್ತಾರೆ.

ಇದು ಡೇರೆಗೆ ಮಾತ್ರ ಹೇಳಿದ ಮದ್ದು. ಗ್ಲಾಡಿಯೋಲಸ್ಸನ್ನು ಹಂಡೆ ನೀರಿಗೆ ಇಳಿಸಿ ನನ್ನನ್ನು ಬೈಯಬೇಡಿ.

7. ನೀರು ಕೆಡದಂತೆ ನೋಡಿಕೊಳ್ಳಿ, ಉಳಿದದ್ದೆಲ್ಲ ಆಮೇಲೆ.

ಹೂದಾನಿಯ ಹೂ ಸಾಯುವುದು ಹೆಚ್ಚಾಗಿ ಬಾಯಾರಿಕೆಯಿಂದ, ಅದೂ ನೀರಿನಲ್ಲಿ ನಿಂತುಕೊಂಡೇ. ನೀರಿನಲ್ಲಿ ಬೆಳೆಯುವ ಬ್ಯಾಕ್ಟೀರಿಯಾ ದಂಟಿನ ಸಣ್ಣ ಕೊಳವೆಗಳಲ್ಲಿ ಕಟ್ಟಿಕೊಂಡು ದಾರಿ ಮುಚ್ಚುತ್ತದೆ. ಆದ್ದರಿಂದ ನೀರಿನಲ್ಲಿ ಮುಳುಗುವ ಎಲೆಯನ್ನೆಲ್ಲ ಕಿತ್ತುಹಾಕಿ. ಚೆಂಡುಹೂವಿನ ವಿಷಯದಲ್ಲಿ ಇದನ್ನು ಮರೆತರೆ ಎರಡನೇ ದಿನವೇ ಮೂಗು ನೆನಪಿಸುತ್ತದೆ. ದಿನ ಬಿಟ್ಟು ದಿನ ನೀರು ಬದಲಿಸಿ, ದಂಟಿನ ತುದಿಯನ್ನು ಅರ್ಧ ಇಂಚು ಕತ್ತರಿಸಿ, ಪಾತ್ರೆಯ ಒಳಗನ್ನು ತೆಂಗಿನ ನಾರಿನಿಂದ ಉಜ್ಜಿ ತೊಳೆಯಿರಿ.

ಹೂವಿಗೆ ಊಟವನ್ನೂ ಹಾಕುತ್ತೇವೆ ಎನ್ನುವವರಿಗೆ: ಒಂದು ಲೀಟರ್ ನೀರಿಗೆ ಒಂದು ಟೀ ಚಮಚ ಸಕ್ಕರೆ, ಎರಡು ಟೀ ಚಮಚ ನಿಂಬೆರಸ, ಅರ್ಧ ಟೀ ಚಮಚ ಬಟ್ಟೆಗೆ ಹಾಕುವ ದ್ರವ ಬ್ಲೀಚ್. ಸಕ್ಕರೆ ಹೂವಿನ ಆಹಾರ. ನಿಂಬೆಹುಳಿಯಿಂದ ದಂಟು ನೀರನ್ನು ಸಲೀಸಾಗಿ ಎಳೆಯುತ್ತದೆ. ಸಕ್ಕರೆ ತಿನ್ನಲು ಬರುವ ಬ್ಯಾಕ್ಟೀರಿಯಾವನ್ನು ಬ್ಲೀಚ್ ನೋಡಿಕೊಳ್ಳುತ್ತದೆ. ಸಕ್ಕರೆಯೊಂದನ್ನೇ ಹಾಕಿದರೆ ಹೂವಿಗಿಂತ ಬ್ಯಾಕ್ಟೀರಿಯಾವೇ ಉಂಡು ಕೊಬ್ಬುತ್ತದೆ. ಬ್ಲೀಚನ್ನೂ ನಿಂಬೆರಸವನ್ನೂ ಬರಿಯ ಚಮಚದಲ್ಲೋ ಬಟ್ಟಲಲ್ಲೋ ಕೂಡಿಸಬೇಡಿ, ವಿಷದ ಗಾಳಿ ಏಳುತ್ತದೆ. ಲೀಟರ್ ನೀರಿಗೆ ನಿಂಬೆರಸ ಬೆರೆಸಿದ ಮೇಲೆ, ಬ್ಲೀಚನ್ನು ಕಡೆಗೆ ಹಾಕಿ. ಆಸ್ಪಿರಿನ್ ಮಾತ್ರೆ, ತಾಮ್ರದ ಕಾಸು ಇತ್ಯಾದಿ ಅಜ್ಜಿಮದ್ದುಗಳನ್ನು ನಾನೂ ಹಾಕಿ ನೋಡಿದ್ದೇನೆ. ಮಾತ್ರೆ ತಲೆನೋವಿಗಿರಲಿ, ಕಾಸು ಡಬ್ಬಿಯಲ್ಲಿರಲಿ.

8. ಹೂದಾನಿ ಕೊಳ್ಳಲು ಪೇಟೆಗೆ ಹೋಗಬೇಡಿ.

ಮಲೆನಾಡಿನ ಮನೆಯ ಅಡುಗೆಮನೆಯಲ್ಲಿ ಇರುವಷ್ಟು ಹೂದಾನಿ ಯಾವ ಅಂಗಡಿಯಲ್ಲೂ ಇಲ್ಲ. ಮಿಡಿ ಖಾಲಿಯಾದ ಉಪ್ಪಿನಕಾಯಿ ಭರಣಿ ಡೇರೆಗೆ ಹೇಳಿ ಮಾಡಿಸಿದ್ದು: ಭಾರವಿದೆ, ಬಾಯಿ ಕಿರಿದು, ಕಂದು-ಬಿಳಿ ಬಣ್ಣ ಯಾವ ಹೂವಿನೊಡನೆಯೂ ಜಗಳವಾಡದು. ಆದರೆ ಉಪ್ಪಿನ ಪಸೆ ಹೋಗುವ ತನಕ ಬಿಸಿನೀರಿನಲ್ಲಿ ತೊಳೆಯಬೇಕು. ಜೀನಿಯಾಕ್ಕೆ ಕಾಫಿ ಲೋಟ, ಕಾಸ್ಮಾಸಿಗೆ ಹಳೆಯ ಹಾರ್ಲಿಕ್ಸ್ ಬಾಟಲಿ. ಹಿತ್ತಾಳೆ ತಂಬಿಗೆ ಚಂದ, ಆದರೆ ಏಳನೇ ಸೂತ್ರದ ನಿಂಬೆ-ಬ್ಲೀಚಿನ ನೀರು ಅದಕ್ಕೆ ಬೇಡ. ಲೋಹಕ್ಕೆ ಬರಿಯ ಬಾವಿ ನೀರು ಸಾಕು.

ಹೂವು ದೊಡ್ಡದಾಗಿ ಪಾತ್ರೆ ವಾಲುತ್ತದೆಯೇ? ತಳಕ್ಕೆ ನಾಲ್ಕು ಹೊಳೆಗಲ್ಲು ಹಾಕಿ. ದಂಟು ಗಿಡ್ಡವೇ? ಅಗಲ ಬಟ್ಟಲಿನಲ್ಲಿ ತೇಲಿಬಿಡಿ. ಹಸಿರಿಗೆ ಜರೀಗಿಡದ ಎರಡು ಗರಿ, ತುಳಸಿಪೂಜೆಗೆ ಕಡಿದು ತಂದು ಉಳಿದ ನೆಲ್ಲಿಯ ಕೊಂಬೆ ಇದ್ದೇ ಇರುತ್ತದೆ. ಪಾತ್ರೆಗೊಂದೇ ಹೂವಿಟ್ಟರೂ ಚಂದ. ಹತ್ತು ಬಣ್ಣವನ್ನು ಒಂದಕ್ಕೇ ತುರುಕಿದರೆ ಮದುವೆಮನೆಯ ಕಮಾನಿನ ಹಾಗೆ ಕಾಣುತ್ತದೆ, ಅದು ನನಗೆ ಸೇರದು.

9. ಬಾಳೆಗೊನೆಯಿಂದ ದೂರವಿಡಿ.

ಹಬ್ಬದ ನಂತರ ಜಗಲಿಯ ಮೂಲೆಯಲ್ಲಿ ಗೊನೆಯೊಂದು ಹಣ್ಣಾಗುತ್ತ ತೂಗುತ್ತಿರುತ್ತದೆ. ಮಾಗುವ ಹಣ್ಣು ಎಥಿಲೀನ್ ಎನ್ನುವ ಅನಿಲ ಬಿಡುತ್ತದೆ. ಹಣ್ಣಿಗೆ ಹಣ್ಣಾಗು ಎನ್ನುವ ಅದೇ ಅನಿಲ ಎಷ್ಟೋ ಹೂಗಳಿಗೆ ಮುದುಕಾಗು ಎನ್ನುತ್ತದೆ. ಕಾರ್ನೇಷನ್ ಅಂತೂ ಇದಕ್ಕೆ ಬೇಗ ಸೋಲುತ್ತದೆ. ಟಿವಿಯ ಮೇಲೆ, ಫ್ಯಾನಿನ ಕೆಳಗೆ, ಪಶ್ಚಿಮದ ಕಿಟಕಿಯಲ್ಲಿ ಕೂಡ ಬೇಡ.

10. ಸೊಟ್ಟ ಹೂವನ್ನು ಹತ್ತಿರ ಇಡಿ.

ಕೊನೆಯ ಹೂಗಳು ಶ್ರಾವಣದ ಹೂಗಳಲ್ಲ. ಆಗ ಊಟದ ತಟ್ಟೆಯಷ್ಟಗಲ ಅರಳಿದ್ದ ಗಿಡ ಈಗ ಮುಷ್ಟಿಯಷ್ಟು ಬಿಟ್ಟಿರುತ್ತದೆ. ಒಂದು ಬದಿಯ ದಳ ಕಡಿಮೆ, ಇನ್ನೊಂದು ಬದಿಯಲ್ಲಿ ಮಿಡತೆ ಮೆದ್ದ ಗುರುತು. ಹಗಲು ಗಿಡ್ಡವಾದಂತೆ ಸುತ್ತುದಳದ ಡೇರೆಯೂ ನಡುವಿನ ಹಳದಿ ಕಣ್ಣು ಬಿಡತೊಡಗುತ್ತದೆ. ಫಲಪುಷ್ಪ ಪ್ರದರ್ಶನದ ತೀರ್ಪುಗಾರರು ಇಂಥದ್ದನ್ನು ನೋಡಿಯೂ ನೋಡದಂತೆ ಮುಂದೆ ಹೋಗುತ್ತಾರೆ. ನನಗೆ ಇಷ್ಟವಾಗುವುದು ಇವೇ.

ಕಾರಣ ಆ ಕಣ್ಣು. ಡೇರೆ ಒಂದು ಹೂವಲ್ಲ, ಹೂಗಳ ಸಂತೆ. ನಾವು ದಳ ಎನ್ನುವ ಒಂದೊಂದೂ ಒಂದೊಂದು ಹೂವು, ನಡುವಿನ ಹಳದಿಯಲ್ಲಿ ನೂರಾರು ಪುಟ್ಟ ಹೂಗಳು ಒತ್ತೊತ್ತಾಗಿ ಕೂತಿರುತ್ತವೆ. ಸೂರ್ಯಕಾಂತಿ, ಸೇವಂತಿಗೆ, ಚೆಂಡುಹೂವು ಎಲ್ಲ ಇದೇ ಬಳಗ. ಕಣ್ಣು ಬಿಟ್ಟ ಡೇರೆಯನ್ನು ಓದುವ ಮೇಜಿನ ಮೇಲಿಟ್ಟು ದಿನಾ ನೋಡಿ. ಹಳದಿಯ ಹೊರಸುತ್ತು ಇವತ್ತು ತೆರೆದರೆ ನಾಳೆ ಅದರ ಒಳಸುತ್ತು, ನಾಡಿದ್ದು ಇನ್ನೂ ಒಳಗೆ. ಮೇಜಿನ ಮೇಲೆ ಅರಿಶಿನ ಚಿಮುಕಿಸಿದಂತೆ ಪರಾಗ ಬೀಳುತ್ತದೆ. ಕಿಟಕಿ ತೆರೆದಿದ್ದರೆ ತುಡುವೆ ಜೇನು ಒಳಗೇ ಬಂದು ಲೆಕ್ಕ ಹಾಕಿಕೊಂಡು ಹೋಗುತ್ತದೆ. ತಟ್ಟೆಯಗಲದ ಹೂವಿನಲ್ಲಿ ಈ ಆಟ ದಳಗಳ ರಾಶಿಯ ಹಿಂದೆ ಮುಚ್ಚಿಹೋಗಿರುತ್ತದೆ.

ಈ ಹೂವಿನ ತವರು ಮೆಕ್ಸಿಕೊ. ಮ್ಯಾಡ್ರಿಡ್‌ನ ಸಸ್ಯತೋಟದಲ್ಲಿ ಅರಳಿದಾಗ ಕಾವನಿಲ್ಲೆಸ್ ಎಂಬ ಸಸ್ಯವಿಜ್ಞಾನಿ 1791ರಲ್ಲಿ ಸ್ವೀಡನ್ನಿನ ಆಂಡರ್ಸ್ ಡಾಲ್ ಎಂಬ ಇನ್ನೊಬ್ಬ ಸಸ್ಯವಿಜ್ಞಾನಿಯ ನೆನಪಿಗೆ ಡೇಲಿಯಾ ಎಂದು ಹೆಸರಿಟ್ಟ. 1963ರಲ್ಲಿ ಮೆಕ್ಸಿಕೊ ಇದನ್ನು ತನ್ನ ರಾಷ್ಟ್ರೀಯ ಹೂವೆಂದು ಸಾರಿತು. ನಮ್ಮೂರಲ್ಲಿ ಇದಕ್ಕೆ ಡಾಲ್ ಬೇಡ, ಮ್ಯಾಡ್ರಿಡ್ ಬೇಡ. ‘ಮೇಲಿನಮನೆ ಕೆಂಪು’, ‘ಅಕ್ಕನ ಬಿಳಿ’, ‘ಬಸ್‌ಸ್ಟ್ಯಾಂಡ್ ಹಳದಿ’ ಎಂದರೆ ಯಾವ ಗಿಡ ಎಲ್ಲಿಂದ ಬಂತೆಂದು ಎಲ್ಲರಿಗೂ ಗೊತ್ತು.

11. ಒಂದನ್ನಾದರೂ ಮುಡಿಯಿರಿ.

ತುರುಬಿನ ಬಲಬದಿಗೆ ಒಂದೇ ಒಂದು ಡೇರೆ ಮುಡಿದು ಹೆಂಗಸರು ಮದುವೆಮನೆಗೆ ಹೋಗುತ್ತಿದ್ದ ಕಾಲವನ್ನು ನಾನು ನೋಡಿದ್ದೇನೆ. ಮಲ್ಲಿಗೆಯ ಮೊಳಗಟ್ಟಲೆ ದಂಡೆ ಅದರ ಮುಂದೆ ಸಪ್ಪೆ. ಒಂದಂಗುಲ ತೊಟ್ಟು ಬಿಟ್ಟು, ತುದಿಗೆ ಒದ್ದೆ ಹತ್ತಿ ಸುತ್ತಿ, ಹೇರ್‌ಪಿನ್ನಿನಿಂದ ಸಿಕ್ಕಿಸಿ. ಊಟದ ಎರಡನೇ ಪಂಕ್ತಿಯವರೆಗೆ ನಿಶ್ಚಿಂತೆ. ದಾಸವಾಳಕ್ಕೆ ಈ ಹತ್ತಿಯೂ ಬೇಡ. ಅದರ ಆಯುಸ್ಸು ಒಂದು ಹಗಲು, ಆ ಹಗಲನ್ನು ಅದು ನೀರಿಲ್ಲದೆಯೂ ಅರಳಿಕೊಂಡೇ ಕಳೆಯುತ್ತದೆ.

12. ಡೇರೆಯನ್ನು ಒಣಗಿಸಲು ಹೋಗಬೇಡಿ.

ನಮ್ಮ ಹವೆಯಲ್ಲಿ ಅದು ಒಣಗುವುದಕ್ಕೆ ಮೊದಲು ಬೂಸಲು ಹಿಡಿಯುತ್ತದೆ. ಗೋಂಫ್ರೀನಾ ಎನ್ನುವ, ಅಂಗಿಯ ಗುಂಡಿಯಂಥ ನೇರಳೆ ಹೂವನ್ನು ಕಟ್ಟು ಮಾಡಿ ಅಟ್ಟದ ಕತ್ತಲೆಯಲ್ಲಿ ತಲೆಕೆಳಗಾಗಿ ತೂಗುಹಾಕಿದರೆ ಯುಗಾದಿಗೂ ಬಣ್ಣ ಉಳಿದಿರುತ್ತದೆ. ಚೆಂಡುಹೂವಿನ ದಳ ಬಿಡಿಸಿ ಮೊರದಲ್ಲಿ ಒಣಗಿಸಿಟ್ಟರೆ ರಂಗೋಲಿಗಾಯಿತು.

13. ಹೂ ಕೊಯ್ಯಿರಿ, ಗಿಡ ಬೋಳಿಸಬೇಡಿ.

ಮೊಳದುದ್ದ ಕೊಯ್ಯಿರಿ ಎಂದೆ ನಿಜ. ಆದರೆ ಕೆಳಗಿನ ಎಲೆಗಳನ್ನು ಮುಟ್ಟಬೇಡಿ. ಹಗಲು ಹನ್ನೆರಡು ತಾಸಿಗಿಂತ ಕಡಿಮೆಯಾದಾಗ ಡೇರೆ ಹೂವಿನ ವ್ಯವಹಾರ ಕಡಿಮೆ ಮಾಡಿ ಗೆಡ್ಡೆ ತುಂಬಿಸುವ ಕೆಲಸಕ್ಕೆ ಇಳಿಯುತ್ತದೆ. ಅದರ ಅಡುಗೆಮನೆ ಆ ಎಲೆಗಳು. ಹೂವು ಬೀಜಕಟ್ಟುವ ಮುನ್ನ ಕೊಯ್ದರೆ ಗಿಡದ ಸತ್ವ ಬೀಜದ ದಾರಿ ಬಿಟ್ಟು ಬುಡಕ್ಕೆ ಹೋಗುತ್ತದೆ. ಹಾಗಾಗಿ ನಿಮ್ಮ ಮೇಜಿನ ಹೂವು ಮುಂದಿನ ವರ್ಷದ ಗೆಡ್ಡೆಗೂ ಒಳ್ಳೆಯದೇ. ಬೀಜ ಬೇಕಿದ್ದರೆ ಜೀನಿಯಾ, ಚೆಂಡುಹೂವಿನದು ಇಟ್ಟುಕೊಳ್ಳಿ. ಡೇರೆಯ ಬೀಜ ಹಾಕಿದರೆ ತಾಯಿಯಂಥ ಮಗಳು ಹುಟ್ಟುವುದಿಲ್ಲ. ಅದರ ಜೀವಕೋಶದಲ್ಲಿ ಎಂಟು ಪಟ್ಟು ವರ್ಣತಂತುಗಳು ಕಲಸಿಕೊಂಡಿವೆ, ಏನು ಬರುತ್ತದೋ ಬಂದ ಮೇಲೆಯೇ ಗೊತ್ತು.

ಅಮೆರಿಕದ ಉತ್ತರದ ರಾಜ್ಯಗಳಲ್ಲಿ ಹಿತ್ತಿಲು ಮಾಡಿಕೊಂಡಿರುವ ನಮ್ಮವರಿಗೆ ಇಷ್ಟು ಸಾವಕಾಶವಿಲ್ಲ. ಅಲ್ಲಿ ಒಂದು ರಾತ್ರಿ ಇಬ್ಬನಿ ಹೆಪ್ಪುಗಟ್ಟಿತೆಂದರೆ ಬೆಳಿಗ್ಗೆ ಇಡೀ ಸಾಲು ಸುಟ್ಟ ಹಾಗೆ ಕಪ್ಪಗಿರುತ್ತದೆ. ಆ ಮುನ್ಸೂಚನೆ ಬಂದ ಸಂಜೆ ಬ್ಯಾಟರಿ ಹಿಡಿದಾದರೂ ಸರಿ, ಇರುವುದನ್ನೆಲ್ಲ ಕೊಯ್ದು ಒಳಗೆ ತಂದುಬಿಡಿ.

14. ಹೂವು ಮೇಜಿನ ಮೇಲಿರುವಾಗಲೇ ಗೆಡ್ಡೆಗೆ ಚೀಟಿ ಬರೆಯಿರಿ.

ಎಲೆ ಹಳದಿಯಾದ ಮೇಲೆ ನೀರು ನಿಲ್ಲಿಸಿ. ದಂಟನ್ನು ಗೇಣುದ್ದಕ್ಕೆ ಕಡಿದು, ಕುಂಡವನ್ನು ಮಳೆ ತಾಗದ ಮಾಡಿನಡಿ ಇಡಿ, ಇಲ್ಲವೇ ಗೆಡ್ಡೆ ಅಗೆದು ಒಣಮರಳಿನಲ್ಲಿ ಹೂತಿಡಿ. ಬಟಾಟೆಗೆ ಮೈತುಂಬ ಕಣ್ಣು, ಡೇರೆಯ ಗೆಡ್ಡೆಗೆ ಕಣ್ಣಿರುವುದು ಹಳೆಯ ದಂಟಿಗೆ ಅಂಟಿದ ಕುತ್ತಿಗೆಯಲ್ಲಿ ಮಾತ್ರ. ಕುತ್ತಿಗೆ ಮುರಿದ ಗೆಡ್ಡೆ ಎಷ್ಟು ದಪ್ಪಗಿದ್ದರೂ ಹಿಳ್ಳು ಹೊಡೆಯದು. ಆದ್ದರಿಂದ ಅಗೆಯುವಾಗ ಗುದ್ದಲಿಯನ್ನು ಬುಡದಿಂದ ದೂರ ಹಾಕಿ, ಪಾಲು ಮಾಡುವಾಗ ಹಳೆ ದಂಟಿನ ಚೂರು ಪ್ರತಿ ಗೆಡ್ಡೆಗೂ ಬರುವಂತೆ ಸೀಳಿ.

ಈಗ ಚೀಟಿ. ಗೆಡ್ಡೆಗಳೆಲ್ಲ ನೋಡಲು ಒಂದೇ, ಮಣ್ಣುಬಣ್ಣದ ಸಿಹಿಗೆಣಸಿನ ಹಾಗೆ. ಒಂದು ವರ್ಷ ಕಾಗದದ ಚೀಟಿ ಕಟ್ಟಿಟ್ಟಿದ್ದೆ, ಮೇ ತಿಂಗಳಲ್ಲಿ ನೋಡಿದರೆ ಗೆದ್ದಲು ಚೀಟಿ ತಿಂದು ಬಾಳೆನಾರು ಬಿಟ್ಟಿತ್ತು. ಮರುವರ್ಷ ಪ್ಲಾಸ್ಟಿಕ್ ಚಮಚದ ಮೇಲೆ ಪೆನ್ನಿನಿಂದ ಬರೆದೆ, ಅಕ್ಷರ ಮಾಸಿ ಬರಿಯ ಚಮಚ ಉಳಿಯಿತು. ಈಗ ಅಡಿಕೆದಬ್ಬೆಯ ಚಕ್ಕೆಯ ಮೇಲೆ ಸೀಸದ ಕಡ್ಡಿಯಿಂದ ಬರೆದು ಮರಳಿನ ಜತೆ ಪ್ಲಾಸ್ಟಿಕ್ ಡಬ್ಬಿಯಲ್ಲಿಡುತ್ತೇನೆ, ಮುಚ್ಚಳ ಮಾತ್ರ ಹಾಕುವುದಿಲ್ಲ. ಸೀಸದ ಅಕ್ಷರ ಅಳಿಯುವುದಿಲ್ಲ. ಹೂವು ಎದುರಿಗಿರುವಾಗಲೇ ಬರೆಯಬೇಕು, ನೆನಪಿನಿಂದ ಬರೆದ ಬಣ್ಣಗಳೆಲ್ಲ ಶ್ರಾವಣದಲ್ಲಿ ಸುಳ್ಳಾಗುತ್ತವೆ.

ಈ ಸಲ ಹದಿನಾರು ಗೆಡ್ಡೆಗೆ ಚೀಟಿಯಾಗಿದೆ, ಒಂದು ಬಾಕಿ. ಅದರ ಹೂವು ಜಗಲಿಯ ಕಾಫಿ ಲೋಟದಲ್ಲಿ ನಾಲ್ಕನೇ ದಿನಕ್ಕೆ ಬಂದಿದೆ. ನಾನು ಕೆಂಪು ಎನ್ನುತ್ತೇನೆ, ಮನೆಯವರು ಮರೂನ್ ಎನ್ನುತ್ತಾರೆ, ಅಂಗಳ ಸಾರಿಸಲು ಬಂದ ಗಿರಿಜಕ್ಕ ‘ಎರಡೂ ಅಲ್ಲ ಅಮ್ಮಾ, ಬೀಟ್ರೂಟ್’ ಎಂದು ಹೇಳಿ ಹೋಗಿದ್ದಾಳೆ. ಚಕ್ಕೆ ಖಾಲಿ ಇದೆ. ಹಿಂಬದಿಯ ದಳ ಮುಟ್ಟಿ ನೋಡಿದೆ, ನಾಳೆ ಸಂಜೆಯವರೆಗೆ ಸಮಯವಿದೆ.